ಕಾಲು ಉಳೀತು, ಸರಿ. ಮುಂದಿನ ಐವತ್ತು ವರ್ಷದ ಲೆಕ್ಕ ಯಾರದ್ದು?

‘ಮೂಳೆ ಕ್ಯಾನ್ಸರ್: ಬಾಲಕನ ಕಾಲು ಉಳಿಸಿದ ವೈದ್ಯರು’. ಇಂಥ ಸುದ್ದಿಯನ್ನು ನಾವೆಲ್ಲ ಓದಿರ್ತೀವಿ, ಶೇರ್ ಕೂಡ ಮಾಡಿರ್ತೀವಿ. ಖುಷಿಪಡುವ ಸುದ್ದಿಯೇ. ಆದರೆ ಅದೇ ಹುಡುಗನಿಗೆ ಇಪ್ಪತ್ತೈದಾದಾಗ ಏನಾಯ್ತು ಅನ್ನೋದು ಸುದ್ದಿಯಾಗಲ್ಲ. ಸರ್ಕಾರದ ಲೆಕ್ಕದಲ್ಲೂ ಅದಕ್ಕೊಂದು ಕಾಲಂ ಇಲ್ಲ.

ಆಸ್ಟಿಯೋಸಾರ್ಕೋಮಾ ಹೆಚ್ಚಾಗಿ ಹದಿಹರೆಯದವರಿಗೆ, ಅದರಲ್ಲೂ ಮೊಣಕಾಲಿನ ಆಸುಪಾಸಿನ ಮೂಳೆಗೆ ಬರುತ್ತದೆ. 1970ರ ದಶಕದವರೆಗೆ ಕಾಲು ಕತ್ತರಿಸುವುದೇ ಸಾಮಾನ್ಯ ಚಿಕಿತ್ಸೆ. ಆಮೇಲೆ ಕೀಮೋಥೆರಪಿ, ಸ್ಕ್ಯಾನಿಂಗ್ ಎರಡೂ ಸುಧಾರಿಸಿದವು. ಗಡ್ಡೆ ಇರುವ ಮೂಳೆಯನ್ನಷ್ಟೇ ತೆಗೆದು ಆ ಜಾಗಕ್ಕೆ ಲೋಹದ ಮೆಗಾಪ್ರೊಸ್ಥೆಸಿಸ್ ಕೂರಿಸುವುದು ರೂಢಿಯಾಯಿತು. ರೋಗ ಬೇರೆಡೆ ಹರಡಿಲ್ಲದಿದ್ದರೆ, ಒಳ್ಳೆಯ ಚಿಕಿತ್ಸೆ ಸಿಕ್ಕವರಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಇಬ್ಬರು ಐದು ವರ್ಷ ದಾಟುತ್ತಾರೆ. ಗಡ್ಡೆಯನ್ನು ಪೂರ್ತಿ ತೆಗೆಯಲು ಸಾಧ್ಯವಿದ್ದಾಗ, ಕಾಲು ಉಳಿಸಿದ್ದರಿಂದ ಜೀವಕ್ಕೆ ಹೆಚ್ಚಿನ ಅಪಾಯವಿಲ್ಲ ಎಂಬುದು ದಶಕಗಳ ಅನುಭವ.

ಸಮಸ್ಯೆ ಶುರುವಾಗೋದು ಆಮೇಲೆ. ಇಂಜಿನಿಯರಿಂಗ್ ಓದಿದವರಿಗೆ ‘ಫಟೀಗ್’ ಗೊತ್ತು: ಮತ್ತೆ ಮತ್ತೆ ಭಾರ ಬೀಳುವ ಲೋಹ ಕ್ರಮೇಣ ದಣಿಯುತ್ತದೆ. ಜೀವಂತ ಮೂಳೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ, ಟೈಟಾನಿಯಂಗೆ ಆ ಭಾಗ್ಯವಿಲ್ಲ. ಕೀಲಿನ ಪ್ಲಾಸ್ಟಿಕ್ ಸವೆಯುತ್ತದೆ, ಮೂಳೆಯೊಳಗಿನ ಕಂಬಿ ಸಡಿಲಾಗುತ್ತದೆ. ಎಷ್ಟೋ ವರ್ಷದ ನಂತರವೂ ಸೋಂಕು ತಗುಲಬಹುದು. ಹತ್ತು ವರ್ಷದೊಳಗೆ ಗಣನೀಯ ಪ್ರಮಾಣದ ಇಂಪ್ಲಾಂಟ್‌ಗಳಿಗೆ ಮರುಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಹದಿನೈದರ ಹುಡುಗಿಗೆ ಮುಂದೆ ಐವತ್ತು ವರ್ಷದ ಬದುಕಿದೆ. ಒಂದೇ ಇಂಪ್ಲಾಂಟ್ ಅಷ್ಟು ವರ್ಷ ಬಾಳುತ್ತೆ ಅಂತ ನಂಬಿ ಕೂರೋಕಾಗಲ್ಲ.

ಫಲಿತಾಂಶ ಅಳೆಯುವ ಕ್ರಮವನ್ನೂ ನೋಡಿ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಎಂಎಸ್‌ಟಿಎಸ್ ಸ್ಕೋರ್ 30 ಅಂಕದ್ದು. ಕಾಲಿನ ವಿಷಯದಲ್ಲಿ ಅದು ನೋವು, ಕಾರ್ಯಕ್ಷಮತೆ, ಮಾನಸಿಕ ಒಪ್ಪಿಗೆ, ಊರುಗೋಲಿನ ಅಗತ್ಯ, ನಡೆಯುವ ಸಾಮರ್ಥ್ಯ, ನಡಿಗೆಯ ಶೈಲಿ ಇಷ್ಟನ್ನು ಅಳೆಯುತ್ತದೆ. ಕುಕ್ಕರುಗಾಲಲ್ಲಿ ಕೂತು ಕಳೆ ಕೀಳಬಹುದಾ, ನೆಲದ ಮೇಲೆ ಕೂತು ಉಣ್ಣಬಹುದಾ, ಊರಿನ ಶೌಚಾಲಯ ಬಳಸಬಹುದಾ ಅನ್ನೋದಕ್ಕೆ ಅಲ್ಲಿ ಪ್ರತ್ಯೇಕ ಅಂಕವಿಲ್ಲ. ಕಾಗದದಲ್ಲಿ ‘ಉತ್ತಮ’ ಎನಿಸಿಕೊಂಡ ಕಾಲು, ಕೂಲಿ ಕುಟುಂಬದ ಮಗನಿಗೆ ಕೆಲಸಕ್ಕೆ ಬಾರದೇ ಇರಬಹುದು.

ಈಗ ದುಡ್ಡಿನ ಮಾತು. 2017ರ ಆಗಸ್ಟ್‌ನಲ್ಲಿ ಕೇಂದ್ರದ ಎನ್‌ಪಿಪಿಎ ಮೊಣಕಾಲಿನ ಇಂಪ್ಲಾಂಟ್‌ಗಳ ಬೆಲೆಗೆ ಮಿತಿ ಹಾಕಿತು. ಕ್ಯಾನ್ಸರ್ ರೋಗಿಗಳ ವಿಶೇಷ ಇಂಪ್ಲಾಂಟ್‌ಗೆ 1,13,950 ರೂಪಾಯಿ ನಿಗದಿಯಾಯಿತು. ಒಳ್ಳೇ ಹೆಜ್ಜೆ. ಕರ್ನಾಟಕದ ಆಯುಷ್ಮಾನ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆಯಿದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ.

ಇದರ ಪರಿಣಾಮ ಯೋಚಿಸಿ. ಬಿಪಿಎಲ್ ಕಾರ್ಡಲ್ಲಿ ಆಪರೇಷನ್ ಆದ ಹುಡುಗ ಓದಿ, ಒಂದು ಕೆಲಸ ಹಿಡಿದ ಅಂದ್ಕೊಳ್ಳಿ. ಆದಾಯ ಏರಿತು, ಕಾರ್ಡ್ ಹೋಯಿತು. ಅದೇ ಹೊತ್ತಿಗೆ ಇಂಪ್ಲಾಂಟ್ ಸಡಿಲಾದರೆ ಮುಕ್ಕಾಲುಪಾಲು ಖರ್ಚು ಅವನ ತಲೆಗೇ. ಗುಣವಾಗಿ ಸ್ವಂತ ಕಾಲ ಮೇಲೆ ನಿಂತಿದ್ದಕ್ಕೆ ಹಾಕಿದ ದಂಡ ಇದು!

ಹಾಗಂತ ಕತ್ತರಿಸೋದೇ ವಾಸಿ ಅಂತಲ್ಲ. ಒಳ್ಳೆಯ ಕೃತಕ ಕಾಲಿಗೂ ದುಡ್ಡು ಬೇಕು, ಅದನ್ನೂ ಆಗಾಗ ಬದಲಿಸಬೇಕು. ಆದರೆ ಎರಡೂ ದಾರಿಯ ದೀರ್ಘಾವಧಿ ಖರ್ಚು, ತೊಡಕು ಎಲ್ಲವನ್ನೂ ಮನೆಯವರಿಗೆ ಮೊದಲೇ ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಸರ್ಕಾರಿ ಯೋಜನೆಯಲ್ಲಿ ಹಾಕಿದ ಪ್ರತಿ ಇಂಪ್ಲಾಂಟ್‌ಗೂ ರಿಜಿಸ್ಟ್ರಿ ಇರಬೇಕು: ಯಾವ ಕಂಪನಿಯದ್ದು, ಎಷ್ಟು ವರ್ಷ ಬಾಳಿತು, ಯಾಕೆ ಕೈಕೊಟ್ಟಿತು. ಮರುಶಸ್ತ್ರಚಿಕಿತ್ಸೆಯ ಹಕ್ಕು ರೇಷನ್ ಕಾರ್ಡಿನ ಬಣ್ಣಕ್ಕೆ ಅಂಟಿಕೊಳ್ಳದೆ, ರೋಗಿಯ ಜೊತೆ ಜೀವನಪರ್ಯಂತ ಸಾಗಬೇಕು.

ಈ ರೋಗಿಗಳ ಸಂಖ್ಯೆ ಕಡಿಮೆ, ಆದ್ದರಿಂದ ವೋಟ್‌ಬ್ಯಾಂಕ್ ಅಲ್ಲ. ಸಂಖ್ಯೆ ಕಡಿಮೆ ಅಂದರೆ ಬಜೆಟ್‌ಗೆ ಹೊರೆಯೂ ಕಡಿಮೆ. ಹಾಗಾದರೆ ಅಡ್ಡಿ ಏನು ಅಂತ ನಿಮ್ಮ ಶಾಸಕರನ್ನು ಒಮ್ಮೆ ಕೇಳಿ ನೋಡಿ.