ಕೆಂಪು ಮಸಿಯೂ ಬಂಗಾರವೂ



ಗಬ್ಬೂರಿನ ಮನೆಯಲ್ಲಿ ಕುಳಿತು ಹಳೆಯ ದಿನಗಳನ್ನು ನೆನೆಯುವಾಗ ನನ್ನದೊಂದು ತಪ್ಪು ಮತ್ತೆ ಮತ್ತೆ ಕಣ್ಣೆದುರು ನಿಲ್ಲುತ್ತದೆ. ನಾನು ವೃತ್ತಿಗೆ ಸೇರಿದ ಹೊಸತು. ಬಾಲಕನೊಬ್ಬ ಪ್ರಬಂಧದಲ್ಲಿ, ತನ್ನವ್ವ ಬಂಗಾರದ ಬೋರಮಾಳ ಅಡವಿಟ್ಟು ತನಗೆ ಪುಸ್ತಕ ಕೊಡಿಸಿದಳೆಂದು ಬರೆದಿದ್ದ. ನಾನು ಕೆಂಪು ಮಸಿಯಿಂದ ‘ಬಂಗಾರ’ವನ್ನು ಹೊಡೆದು ‘ಚಿನ್ನ’ ಎಂದು ತಿದ್ದಿದೆ. ಆಡುಮಾತು ಬರವಣಿಗೆಗೆ ಸಲ್ಲದೆಂಬುದು ಅಂದಿನ ನನ್ನ ಭ್ರಮೆ. ಆ ತಾಯಿಯ ತ್ಯಾಗ ನನಗೆ ಕಾಣಲೇ ಇಲ್ಲ. ಆ ಹುಡುಗ ಮುಂದೆ ಮನೆಯ ಮಾತನ್ನು ಬರೆಯಲು ಅಂಜತೊಡಗಿದ.

ಅನಂತರ ನಿಘಂಟು ನೋಡಿ ನಾಚಿದೆ. ‘ಬಂಗಾರ’ವು ಸಂಸ್ಕೃತದ ‘ಭೃಂಗಾರ’ದ ತದ್ಭವ. ಭೃಂಗಾರವೆಂದರೆ ಪಟ್ಟಾಭಿಷೇಕದಂಥ ಸಂದರ್ಭಗಳಲ್ಲಿ ಬಳಸುತ್ತಿದ್ದ ಹೊನ್ನಿನ ಕಲಶ. ಋಕಾರ ಅಳಿದು, ಮಹಾಪ್ರಾಣ ಅಲ್ಪಪ್ರಾಣವಾಗಿ, ಪಾತ್ರೆಯ ಹೆಸರೇ ಲೋಹದ ಹೆಸರಾಯಿತು. ಇಂತಹ ಮಾರ್ಪಾಡುಗಳಿಗಾಗಿಯೇ ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶಪ್ರಕರಣವನ್ನು ಮೀಸಲಿಟ್ಟ. ಅವನು ಅವುಗಳಿಗೆ ನಿಯಮ ಹುಡುಕಿದ; ನಾನು ಕೆಂಪು ಗೆರೆ ಎಳೆದೆ!

ಲ್ಯಾಟಿನ್ ಭಾಷೆಯಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಅಲ್ಲಿ ‘ಔರುಮ್’ ಎಂದರೆ ಚಿನ್ನ. ಅದರಿಂದ ಹುಟ್ಟಿದ ವಿಶೇಷಣ ‘ಔರೆಯುಸ್’, ಅಂದರೆ ಚಿನ್ನದ್ದು. ಅದರ ನಪುಂಸಕ ಬಹುವಚನ ‘ಔರೆಯಾ’ ಎಂದರೆ ಚಿನ್ನದ ವಸ್ತುಗಳು. ಕೊನೆಗೆ ‘ಔರೆಯುಸ್’ ಎಂಬುದೇ ರೋಮನ್ನರ ಚಿನ್ನದ ನಾಣ್ಯದ ಹೆಸರಾಯಿತು. ನಮ್ಮ ಹಳಗನ್ನಡದ ‘ಪೊನ್’ ಕೂಡ ಪಕಾರ ಹಕಾರವಾಗಿ ‘ಹೊನ್ನು’ ಆಯಿತು. ಲೋಹಕ್ಕೂ ನಾಣ್ಯಕ್ಕೂ ಹೆಸರಾಯಿತು. ಸಮಾಸದಲ್ಲಿ ಅದು ‘ಹೊಂ’ ಆಗಿ ಹೊಂಬಣ್ಣ, ಹೊಂಬಾಳೆಗಳಲ್ಲಿ ಇಂದಿಗೂ ಉಳಿದಿದೆ.

ನಮ್ಮ ಜಿಲ್ಲೆಯ ನೆಲವೇ ಹೊನ್ನಿನದು. ಹಟ್ಟಿಯ ಗಣಿಯಲ್ಲಿ ಸುಮಾರು 2000 ವರ್ಷಗಳ ಹಿಂದಿನ ಅಗೆತದ ಕುರುಹುಗಳಿವೆ. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಗುರುತಿಸಿದವನು ಬೀಡನ್ ಎಂಬ ಗಣಿ ಎಂಜಿನಿಯರ್. ಇಂತಹ ನೆಲದ ಮಕ್ಕಳ ಬಾಯಿಂದ ‘ಬಂಗಾರ’ವನ್ನು ಕಸಿಯುವುದು ಎಂಥ ನ್ಯಾಯ?

‘ಚಿನ್ನ’ವೂ ಚೆಲುವಾದ ಮಾತೇ, ಮಕ್ಕಳು ಅದನ್ನೂ ಕಲಿಯಲಿ. ಆದರೆ ಒಂದನ್ನು ಕಲಿಸಲು ಇನ್ನೊಂದನ್ನು ಹೊಡೆದುಹಾಕಬೇಕಿಲ್ಲ. ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ. ಮಗುವಿನ ಮಾತಿಗೆ ಕೆಂಪು ಗೆರೆ ಎಳೆಯುವ ಮುನ್ನ ಒಮ್ಮೆ ನಿಘಂಟು ತೆರೆಯಿರಿ; ಅದಕ್ಕೂ ಮುನ್ನ ಆ ವಾಕ್ಯವನ್ನು ಪೂರ್ತಿ ಓದಿರಿ. ನಾನು ಓದಲಿಲ್ಲ.