ರಾಜ್ಯಕ್ಕೆ ಬಡ್ಡಿಯಿಲ್ಲದ ಸಾಲ, ಒಂದೇ ಲಾರಿಯವನಿಗೆ ಏನು?

ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಬೆಳಗ್ಗೆ ಮಕ್ಕಳು ಮದ್ರಸಕ್ಕೆ ಬರುವ ಹೊತ್ತೂ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಲಾರಿಗಳು ಅವಸರಪಡುವ ಹೊತ್ತೂ ಒಂದೇ. ದಟ್ಟಣೆಯ ವೇಳೆ ನಗರದೊಳಗೆ ಸರಕು ವಾಹನಗಳಿಗೆ ನಿರ್ಬಂಧ ಇದೆ. ಅದಕ್ಕೆ ಮೊದಲೇ ಲೋಡ್ ಇಳಿಸಿ ಹೊರಬೀಳಬೇಕು. ಹಳೇ ಲಾರಿಯೊಂದು ಗೇರ್ ಬದಲಿಸಿ ಎಳೆಯುವಾಗ ಬಿಡುವ ಕಪ್ಪು ಹೊಗೆಯಲ್ಲೇ ಮಕ್ಕಳು ಮೂಗು ಮುಚ್ಚಿಕೊಂಡು ರಸ್ತೆ ದಾಟುತ್ತಾರೆ. ಆ ಮಕ್ಕಳಲ್ಲಿ ಒಬ್ಬನ ತಂದೆಯದ್ದೂ ಅಂಥದ್ದೇ ಒಂದು ಲಾರಿ.

ಬಂಟ್ವಾಳ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಇರುವುದು ಒಂದೇ ಲಾರಿ, 2009ರ ಮಾಡೆಲ್. ಅವರೇ ಡ್ರೈವರ್, ಅವರೇ ಮಾಲೀಕ. ಮೊನ್ನೆ ಬಂದು ಕೇಳಿದರು: ‘ಉಸ್ತಾದರೇ, ಗಾಡಿ ಬದಲಿಸಬೇಕು ಅಂತಾರೆ. ಎಫ್‌ಸಿಗೆ ಪ್ರತಿವರ್ಷ ಹಣ ಸುರಿದು ಸಾಕಾಗಿದೆ. ಫೈನಾನ್ಸ್‌ನವರು ಕೊಡ್ತೇವೆ ಅಂತಾರೆ, ಆದರೆ ಬಡ್ಡಿ. ಏನು ಮಾಡೋದು?’

ಬಡ್ಡಿಯ ಬಗ್ಗೆ ನಾನು ಏನು ಹೇಳುತ್ತೇನೆಂದು ಅವರಿಗೆ ಮೊದಲೇ ಗೊತ್ತಿತ್ತು. ಹಾಗಾಗಿ ಆ ಮಾತು ಬೇಗ ಮುಗಿಯಿತು. ಬಡ್ಡಿಯ ದಾರಿ ಬಿಟ್ಟರೆ ಅವರಿಗೆ ಬೇರೆ ದಾರಿ ಇದೆಯೇ ಎಂಬ ಪ್ರಶ್ನೆ ಮಾತ್ರ ಉಳಿಯಿತು. ಹೊಗೆ ಕಡಿಮೆ ಮಾಡಲು ಸರಕಾರ ಹಣ ಖರ್ಚು ಮಾಡುತ್ತಿದೆ ಎಂದು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಆ ಹಣ ಎಲ್ಲಿ ಹೋಗುತ್ತದೆ ಎಂದು ಹುಡುಕುತ್ತಾ ಕೂತೆ.

ಮೊದಲು ನಿಯಮದ ವಿಷಯ. 2017ರ ಏಪ್ರಿಲ್ 1ರಿಂದ ಬಿಎಸ್-3 ವಾಹನಗಳ ಮಾರಾಟವನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. 2020ರ ಏಪ್ರಿಲ್ 1ರಿಂದ ದೇಶದೆಲ್ಲೆಡೆ ಬಿಎಸ್-6. ನಡುವಿನ ಬಿಎಸ್-5 ಎಂಬ ಮೆಟ್ಟಿಲನ್ನೇ ಹಾರಿದರು. ದೊಡ್ಡ ಡೀಸೆಲ್ ಇಂಜಿನ್‌ಗೆ ಬಿಎಸ್-3ರಲ್ಲಿ ಹೊಗೆಯ ಕಣಗಳ ಮಿತಿ ಪ್ರತಿ ಕಿಲೋವ್ಯಾಟ್ ಗಂಟೆಗೆ 0.10 ಗ್ರಾಂ ಇತ್ತು, ಬಿಎಸ್-6ರಲ್ಲಿ 0.01. ನೈಟ್ರೋಜನ್ ಆಕ್ಸೈಡ್ ಮಿತಿ 5 ಗ್ರಾಂನಿಂದ 0.4ಕ್ಕೆ ಇಳಿಯಿತು. ಅಂದರೆ ಕಾಗದದ ಲೆಕ್ಕದಲ್ಲಿ ಒಂದು ಹಳೇ ಬಿಎಸ್-3 ಲಾರಿ ಹತ್ತು ಹೊಸ ಲಾರಿಗಳಷ್ಟು ಮಸಿ ಬಿಡಬಹುದು. ನಮ್ಮ ಊರಿನ ಗಾಳಿಗೆ ಲಾಭ ಎಲ್ಲಿದೆ ಎಂದು ಇದರಿಂದಲೇ ಗೊತ್ತಾಗುತ್ತದೆ. ಹೊಸ ಲಾರಿ ಕೊಳ್ಳುವ ಶಕ್ತಿ ಇದ್ದವನು ಹೇಗೂ ಬಿಎಸ್-6 ಕೊಳ್ಳುತ್ತಾನೆ, ಅಂಗಡಿಯಲ್ಲಿ ಬೇರೆ ಸಿಗುವುದೂ ಇಲ್ಲ. ಬದಲಾಗಬೇಕಾದ್ದು ಹಳೇ ಲಾರಿ.

ಹಳೇ ಲಾರಿಗಾಗಿ ಸರಕಾರ ತಂದದ್ದು ಗುಜರಿ ನೀತಿ. 2021ರ ಬಜೆಟ್‌ನಲ್ಲಿ ಘೋಷಣೆ, ಅದೇ ವರ್ಷ ಆಗಸ್ಟ್ 13ರಂದು ಪ್ರಧಾನಿ ಚಾಲನೆ ಕೊಟ್ಟರು. ಇದಕ್ಕೆ ಎರಡು ಕೈ. ಒಂದು ಕೈಯಲ್ಲಿ ಬೆತ್ತ: 15 ವರ್ಷ ದಾಟಿದ ಭಾರೀ ವಾಹನದ ಎಫ್‌ಸಿ ಶುಲ್ಕವನ್ನು 2022ರ ಏಪ್ರಿಲ್‌ನಿಂದ 12,500 ರೂ. ಎಂದು ನಿಗದಿ ಮಾಡಿದರು. ಲಾರಿ ಮಾಲೀಕರು ವಿರೋಧಿಸುತ್ತಲೇ ಬಂದರು. 2025ರ ನವೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊಸ ಪಟ್ಟಿ ತಂದು, 20 ವರ್ಷ ದಾಟಿದ ಭಾರೀ ವಾಹನಕ್ಕೆ 25,000 ರೂ. ಮಾಡಿತು. ಮೊದಲು 15 ವರ್ಷಕ್ಕೆ ಗೆರೆ ಇತ್ತು, ಈಗ 10 ವರ್ಷದಿಂದಲೇ ಏರು ಶುರು.

ಇನ್ನೊಂದು ಕೈಯಲ್ಲಿ ಸಿಹಿ. ಅದನ್ನು ಬಿಡಿಸಿ ನೋಡಬೇಕು. ನೋಂದಾಯಿತ ಗುಜರಿ ಕೇಂದ್ರಕ್ಕೆ ಗಾಡಿ ಒಪ್ಪಿಸಿದರೆ ಒಂದು ಠೇವಣಿ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ತೋರಿಸಿ ಹೊಸ ಗಾಡಿ ಕೊಂಡರೆ ನೋಂದಣಿ ಶುಲ್ಕ ಇಲ್ಲ. ಸಾರಿಗೆ ವಾಹನಕ್ಕೆ ರಾಜ್ಯಗಳು ಎಂಟು ವರ್ಷದವರೆಗೆ ಮೋಟಾರು ತೆರಿಗೆಯಲ್ಲಿ ಶೇ. 15ರವರೆಗೆ ಬಿಡಬಹುದು. 2024ರ ಆಗಸ್ಟ್‌ನಲ್ಲಿ ಕಂಪೆನಿಗಳೂ ಒಪ್ಪಿ, ಮೂರೂವರೆ ಟನ್‌ಗಿಂತ ಮೇಲಿನ ಸರಕು ವಾಹನಕ್ಕೆ ಶೋರೂಂ ಬೆಲೆಯ ಶೇ. 3, ಅದಕ್ಕಿಂತ ಸಣ್ಣದಕ್ಕೆ ಶೇ. 1.5 ರಿಯಾಯಿತಿ ಎಂದವು. ಗುಜರಿಯ ಬೆಲೆ ಹೊಸ ಗಾಡಿಯ ಬೆಲೆಯ ಶೇ. 4ರಿಂದ 6ರಷ್ಟು ಸಿಗಬಹುದು ಎಂದು ನೀತಿ ಪ್ರಕಟಿಸುವಾಗ ಸರಕಾರವೇ ಹೇಳಿತ್ತು.

ಈಗ ನಮ್ಮವರ ಲೆಕ್ಕಕ್ಕೆ ಬರೋಣ. ಹೊಸ ಲಾರಿಗೆ 25 ಲಕ್ಷ ಎಂದಿಟ್ಟುಕೊಳ್ಳಿ. ಗುಜರಿಗೆ ಹೆಚ್ಚೆಂದರೆ ಒಂದೂವರೆ ಲಕ್ಷ, ರಿಯಾಯಿತಿ 75 ಸಾವಿರ, ಒಟ್ಟು ಎರಡೂಕಾಲು ಲಕ್ಷ. ಉಳಿದ 22 ಲಕ್ಷಕ್ಕೂ ಹೆಚ್ಚಿನ ಹಣ ಎಲ್ಲಿಂದ ತರುವುದು? ಓಡುವ ಸ್ಥಿತಿಯಲ್ಲಿರುವ ಆ ಹಳೇ ಲಾರಿಯನ್ನು ಬ್ರೋಕರ್ ಒಬ್ಬ ನಾಲ್ಕು ಲಕ್ಷಕ್ಕೆ ಕೇಳಿದ್ದಾನಂತೆ. ಒಂದೂವರೆ ಲಕ್ಷಕ್ಕೆ ಗುಜರಿಗೆ ಕೊಡುವವನು ಯಾರು? ಬ್ರೋಕರ್‌ಗೆ ಕೊಟ್ಟರೆ ಅದು ಇನ್ಯಾವುದೋ ಜಿಲ್ಲೆಯ ಜಲ್ಲಿ ಕೋರೆಗೆ ಹೋಗಿ ಅಲ್ಲಿ ಹೊಗೆ ಬಿಡುತ್ತದೆ. ಅಲ್ಲೂ ಮಕ್ಕಳಿದ್ದಾರೆ.

2025ರ ಸೆಪ್ಟೆಂಬರ್ 22ರಿಂದ ಲಾರಿಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಹಣದ ಲೆಕ್ಕದಲ್ಲಿ ಇದು ಗುಜರಿ ನೀತಿಯ ರಿಯಾಯಿತಿಗಿಂತ ದೊಡ್ಡ ನೆರವು, ಒಪ್ಪಬೇಕು. ಆದರೆ ಹತ್ತು ಲಾರಿ ಒಟ್ಟಿಗೆ ಕೊಂಡ ಕಂಪೆನಿಗೆ ಹತ್ತು ಪಟ್ಟು ಸಿಕ್ಕಿತು, ಹೊಸದು ಕೊಳ್ಳಲಾಗದವನಿಗೆ ಏನೂ ಸಿಗಲಿಲ್ಲ. ಪಿಎಂ ಇ-ಡ್ರೈವ್ ಯೋಜನೆಯದ್ದೂ ಇದೇ ಕಥೆ. 10,900 ಕೋಟಿ ರೂ. ಯೋಜನೆಯಲ್ಲಿ ವಿದ್ಯುತ್ ಲಾರಿಗೆ 500 ಕೋಟಿ ಇಟ್ಟಿದ್ದಾರೆ, ಒಂದು ಲಾರಿಗೆ 9.6 ಲಕ್ಷದವರೆಗೆ ಸಬ್ಸಿಡಿ. ಹಳೇ ಡೀಸೆಲ್ ಲಾರಿ ಗುಜರಿಗೆ ಹಾಕಿದ ಪ್ರಮಾಣಪತ್ರ ಕಡ್ಡಾಯ. ಕೇಳಲು ಚೆನ್ನಾಗಿದೆ, ಆದರೆ ವಿದ್ಯುತ್ ಲಾರಿಯ ಬೆಲೆ ಡೀಸೆಲ್ ಲಾರಿಯ ಎರಡು ಪಟ್ಟಿಗೂ ಹೆಚ್ಚು. ಮೂರೂವರೆ ಟನ್‌ಗಿಂತ ಕೆಳಗಿನ ಸಣ್ಣ ಗೂಡ್ಸ್ ಗಾಡಿಗಳು ಆ 500 ಕೋಟಿಯ ಲೆಕ್ಕದಲ್ಲೇ ಇಲ್ಲ.

ಈ ಎಲ್ಲ ನೆರವಿನಲ್ಲೂ ಒಂದೇ ಊಹೆ ಕೂತಿದೆ: ಲಾರಿಯವನು ಹಳೆಯದನ್ನು ಬಿಟ್ಟು ಸೀದಾ ಹೊಸದಕ್ಕೆ ಹೋಗುತ್ತಾನೆ ಎಂದು. ಒಂದೇ ಲಾರಿಯವನು ಹಾಗೆ ಹೋಗುವುದಿಲ್ಲ. ಅವನ ಮೊದಲ ಲಾರಿ ಸೆಕೆಂಡ್ ಹ್ಯಾಂಡ್, ಎರಡನೆಯದೂ ಸೆಕೆಂಡ್ ಹ್ಯಾಂಡ್. 2020ರಲ್ಲಿ ದೊಡ್ಡ ಟ್ರಾನ್ಸ್‌ಪೋರ್ಟ್‌ನವರು ಕೊಂಡ ಬಿಎಸ್-6 ಲಾರಿಗಳು ಈಗಷ್ಟೇ ಸೆಕೆಂಡ್ ಹ್ಯಾಂಡ್ ಬಾಜಾರಿಗೆ ಬರುತ್ತಿವೆ. ಅಂಥದ್ದಕ್ಕೆ 12 ಲಕ್ಷದ ಆಸುಪಾಸು ಹೇಳುತ್ತಾರೆಂದು ಇವರು ವಿಚಾರಿಸಿಕೊಂಡು ಬಂದಿದ್ದಾರೆ. ಬಿಎಸ್-3 ಕೊಟ್ಟು ಹಳೇ ಬಿಎಸ್-6 ಕೊಂಡರೂ ಹೊಗೆ ಹತ್ತರಲ್ಲಿ ಒಂದಕ್ಕೆ ಇಳಿಯುವ ಲೆಕ್ಕವೇ. ಆ ವಿನಿಮಯಕ್ಕೆ ಒಂದು ರೂಪಾಯಿ ನೆರವಿಲ್ಲ. ನಾನು ಹೇಳಬೇಕಾದ್ದು ಇಷ್ಟೇ: ನೆರವನ್ನು ಹೊಸ ಗಾಡಿಯ ಬಿಲ್ಲಿಗೆ ಕಟ್ಟುವ ಬದಲು, ಹಳೆಯದನ್ನು ಗುಜರಿಗೆ ಹಾಕಿ ಬಿಎಸ್-6 ಕೊಂಡವನಿಗೆ ಕೊಡಿ, ಅದು ಹೊಸದಿರಲಿ, ಸೆಕೆಂಡ್ ಹ್ಯಾಂಡ್ ಇರಲಿ.

ಇದು ಎಲ್ಲೂ ಇಲ್ಲದ ವಿಚಾರವೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1998ರಿಂದ ಕಾರ್ಲ್ ಮೊಯರ್ ಎಂಬ ಯೋಜನೆ ಇದೆ. ಅದರಲ್ಲಿ ಸಣ್ಣ ಮಾಲೀಕರಿಗಾಗಿಯೇ ವೋಚರ್ ಕೊಡುತ್ತಾರೆ. ಹಳೇ ಲಾರಿ ನಾಶ ಮಾಡಲೇಬೇಕು, ಬದಲಿಗೆ ಕೊಳ್ಳುವ ಲಾರಿ ಹೊಸತೇ ಆಗಬೇಕೆಂದಿಲ್ಲ. ನಿಯಮ ಅಲ್ಲಿ ನಮಗಿಂತ ಕಠಿಣ, ಆದರೆ ನಿಯಮದ ಜೊತೆಗೆ ಹಣವೂ ಬಂತು.

‘ಹೊಗೆ ಬಿಟ್ಟವನಿಗೇ ಹಣ ಕೊಡೋದಾ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಾನೂ ಸ್ವಲ್ಪ ಹೊತ್ತು ಆ ಕಡೆಯೇ ಇದ್ದೆ. ಆದರೆ ಆ ಲಾರಿಯನ್ನು ಮಾರುವಾಗ, ನೋಂದಾಯಿಸುವಾಗ, ಪ್ರತಿವರ್ಷ ತೆರಿಗೆ ಕಟ್ಟಿಸಿಕೊಳ್ಳುವಾಗ ಸರಕಾರವೇ ಅದನ್ನು ಒಪ್ಪಿತ್ತು. ಡೀಸೆಲ್ ಮೇಲಿನ ತೆರಿಗೆಯೂ ಅವನಿಂದಲೇ ಬರುತ್ತಿದೆ. ಕರ್ನಾಟಕದಲ್ಲಿ ಡೀಸೆಲ್ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ. 14.34ರಿಂದ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ 21.17ಕ್ಕೆ ಏರಿತು. ಅದೇ ತಿಂಗಳು ಲಾರಿ ಮಾಲೀಕರು ಮುಷ್ಕರ ಹೂಡಿದ್ದು ನೆನಪಿದೆಯಲ್ಲ. ಡೀಸೆಲ್ ದರ, ಟೋಲ್ ಬಗ್ಗೆ ಮಾತು ಜೋರಾಗಿತ್ತು. ಶುದ್ಧ ಲಾರಿಗೆ ನೆರವು ಕೊಡಿ ಎಂಬ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ಸಂಘದವರೂ ಇದನ್ನು ಬೇಡಿಕೆಯ ಪಟ್ಟಿಯಲ್ಲಿ ಮೇಲಕ್ಕೆ ತರಬೇಕು.

ಹಣ ಇಲ್ಲವೇ? ಇದೆ. ಹಳೇ ವಾಹನ ಗುಜರಿಗೆ ಹಾಕುವ ಕೆಲಸಕ್ಕೆ ಕೇಂದ್ರ 2023-24ರಲ್ಲಿ ರಾಜ್ಯಗಳಿಗಾಗಿ 3,000 ಕೋಟಿ ರೂ. ತೆಗೆದಿಟ್ಟಿತು. ಅದು ಸಾಲವೇ, ಆದರೆ 50 ವರ್ಷದ ಅವಧಿಗೆ, ಬಡ್ಡಿಯಿಲ್ಲದೆ. ಓದಿದಾಗ ನನಗೆ ನಗು ಬಂತು. ಬಡ್ಡಿಯಿಲ್ಲದ ಸಾಲ ಎಂದರೆ ನಡೆಯುವ ಮಾತಲ್ಲ ಎಂದು ನಮಗೆ ಹೇಳುವವರಿದ್ದಾರಲ್ಲ, ಸರಕಾರ ಸರಕಾರಕ್ಕೆ ಅದನ್ನೇ ಕೊಡುತ್ತಿದೆ. ಆ ಹಣದಲ್ಲಿ ಸರಕಾರಿ ಹಳೇ ವಾಹನಗಳ ವಿಲೇವಾರಿ, ತೆರಿಗೆ ಬಾಕಿ ಮನ್ನಾ, ತಪಾಸಣಾ ಕೇಂದ್ರ ಎಲ್ಲ ಬರುತ್ತದೆ. ಒಂದು ಪಾಲನ್ನು ಲಾರಿ ಮಾಲೀಕನಿಗೂ ಬಡ್ಡಿಯಿಲ್ಲದ ಕಂತಿನ ಸಾಲವಾಗಿ ದಾಟಿಸಿದರೆ ತಪ್ಪೇನು?

ಇನ್ನೊಂದು ಹಣದ ಚೀಲ ಶುದ್ಧ ಗಾಳಿಯದ್ದು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. ದೇಶದ ಒಟ್ಟು ಲೆಕ್ಕ ನೋಡಿ ದಿಲ್ಲಿಯ ಸಿಎಸ್‌ಇ ಸಂಸ್ಥೆ 2024ರಲ್ಲಿ ಹೇಳಿದ್ದು ಹೀಗೆ: ಹಣದ ಶೇ. 64 ರಸ್ತೆ ಧೂಳಿಗೆ ಹೋಗಿದೆ, ವಾಹನದ ಹೊಗೆಗೆ ಶೇ. 13ಕ್ಕಿಂತಲೂ ಕಡಿಮೆ. ಧೂಳು ಗುಡಿಸಲಿ, ಬೇಡ ಎನ್ನುವುದಿಲ್ಲ. ಆದರೆ ಗುಡಿಸಿದ ರಸ್ತೆಯಲ್ಲೇ ಅದೇ ಲಾರಿ ಓಡುತ್ತದೆ.

ನಮ್ಮ ಸಮುದಾಯಕ್ಕೆ ಹತ್ತಿರದ ಬಾಗಿಲು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ. ‘ಸ್ವಾವಲಂಬಿ ಸಾರಥಿ’ ಯೋಜನೆಯಲ್ಲಿ ಟ್ಯಾಕ್ಸಿ, ಗೂಡ್ಸ್ ವಾಹನ ಕೊಳ್ಳುವ ನಿರುದ್ಯೋಗಿ ಯುವಕರಿಗೆ ಬೆಲೆಯ ಅರ್ಧ, ಗರಿಷ್ಠ 3 ಲಕ್ಷ ರೂ. ಸಬ್ಸಿಡಿ ಇದೆ. ಒಳ್ಳೆಯ ಯೋಜನೆ. ಆದರೆ ಇದೂ ವಾಹನ ಇಲ್ಲದವನಿಗೆ ಹೊಸ ವಾಹನ ಕೊಡಿಸುವ ಯೋಚನೆ, ಉಳಿದ ಹಣ ಬ್ಯಾಂಕ್ ಸಾಲ. ಹಳೇ ಲಾರಿ ಇಟ್ಟುಕೊಂಡು ಒದ್ದಾಡುವವನು ಲೆಕ್ಕಕ್ಕೆ ಬರುವುದಿಲ್ಲ. ಅದೇ 3 ಲಕ್ಷವನ್ನು ಗುಜರಿ ಪ್ರಮಾಣಪತ್ರ ತಂದವನಿಗೂ ಕೊಡುವಂತೆ ನಿಯಮ ಬದಲಿಸಲು ಹೊಸ ಕಾನೂನು ಬೇಕಿಲ್ಲ, ಒಂದು ಆದೇಶ ಸಾಕು. ನಮ್ಮವರಿಗೆ ಮಾತ್ರ ಎಂದು ನಾನು ಕೇಳುತ್ತಿಲ್ಲ, ಹಿಂದುಳಿದ ವರ್ಗ, ಪರಿಶಿಷ್ಟರ ನಿಗಮಗಳಲ್ಲೂ ಹೀಗೇ ಆಗಲಿ. ಹೊಗೆಗೆ ಜಾತಿ ಇಲ್ಲ.

ಎಚ್ಚರವೂ ಬೇಕು. ಬಿಎಸ್-6 ಎಂದರೆ ಸೈಲೆನ್ಸರ್ ಒಳಗೆ ಮಸಿ ಹಿಡಿಯುವ ಫಿಲ್ಟರ್, ಯೂರಿಯಾ ದ್ರಾವಣ, ಸೆನ್ಸರ್. ಫಿಲ್ಟರ್ ಕಟ್ಟಿಕೊಂಡರೆ ಗಾಡಿ ಎಳೆಯುವುದಿಲ್ಲ, ರಸ್ತೆ ಬದಿಯ ಗ್ಯಾರೇಜಿನವನಿಗೆ ಅದರ ರಿಪೇರಿ ಗೊತ್ತಿಲ್ಲ, ಕಿತ್ತು ಹಾಕುವುದು ಮಾತ್ರ ಗೊತ್ತು. ನಮ್ಮ ಡೀಸೆಲ್ ಎಮಿಷನ್ ಟೆಸ್ಟ್ ಹೊಗೆಯ ಕಪ್ಪನ್ನಷ್ಟೇ ಅಳೆಯುತ್ತದೆ, ನೈಟ್ರೋಜನ್ ಆಕ್ಸೈಡನ್ನು ಅಳೆಯುವುದಿಲ್ಲ. ಜಪಾನಿನ ಟೋಕಿಯೋದಲ್ಲಿ 2003ರಲ್ಲಿ ಡೀಸೆಲ್ ನಿಯಮ ಬಂದಾಗ ಹಳೇ ಲಾರಿಗೆ ಫಿಲ್ಟರ್ ಹಾಕಿಸಲು ಸಬ್ಸಿಡಿ ಕೊಟ್ಟರು. ಮರುವರ್ಷ ಮಿತ್ಸುಯಿ ಕಂಪೆನಿ ಫಿಲ್ಟರ್ ಪರೀಕ್ಷೆಯ ಅಂಕಿಗಳನ್ನೇ ತಿದ್ದಿತ್ತು ಎಂದು ಬಯಲಾಯಿತು. ಜಪಾನಿನಲ್ಲೇ ಹಾಗಾದರೆ ನಮ್ಮಲ್ಲಿ ಕೇಳಬೇಕೇ. ಆದ್ದರಿಂದ ಹಣವನ್ನು ಒಂದೇ ಸಲ ಕೊಡದೆ, ಅರ್ಧ ಕೊಳ್ಳುವಾಗ, ಅರ್ಧ ಮುಂದಿನ ಎಫ್‌ಸಿಯಲ್ಲಿ ಫಿಲ್ಟರ್ ಸ್ಥಳದಲ್ಲೇ ಇದೆ ಎಂದು ಖಾತ್ರಿಯಾದ ಮೇಲೆ ಕೊಡುವುದು ಕ್ಷೇಮ.

ಅಲ್ಲಿಯವರೆಗೆ ಗಾಡಿ ಗುಜರಿಗೆ ಹಾಕುವವರು ಒಂದು ವಿಷಯ ತಿಳಿದಿರಲಿ. ಮಾಮೂಲಿ ಗುಜರಿಯವರಿಗೆ ಕೊಟ್ಟರೆ ಕಬ್ಬಿಣದ ಹಣ ಮಾತ್ರ. ನೋಂದಾಯಿತ ಕೇಂದ್ರದಲ್ಲಿ ಸಿಗುವ ಠೇವಣಿ ಪ್ರಮಾಣಪತ್ರವನ್ನು ನೀವು ಹೊಸ ಗಾಡಿ ಕೊಳ್ಳದಿದ್ದರೂ ಬೇರೆಯವರಿಗೆ ಮಾರಬಹುದು, ಅದಕ್ಕೆ ಡಿಜಿಇಎಲ್‌ವಿ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಗುಜರಿ ವ್ಯಾಪಾರ ನಮ್ಮವರಿಗೆ ಹೊಸತಲ್ಲ, ಆದರೂ ಇದನ್ನು ಹೇಳಿದಾಗ ‘ಹೌದಾ ಉಸ್ತಾದರೇ?’ ಎಂದು ಕೇಳಿದವರೇ ಹೆಚ್ಚು.

ನಮ್ಮ ಲಾರಿಯವರಿಗೂ ಈ ಲೆಕ್ಕವನ್ನೆಲ್ಲ ಕಾಗದದಲ್ಲಿ ಬರೆದು ತೋರಿಸಿದೆ. ಮಡಚಿ ಜೇಬಿಗೆ ಹಾಕಿಕೊಂಡರು. ‘ಸರಿ, ಈ ಸಲದ ಎಫ್‌ಸಿ ಕಟ್ಟಿಬಿಡ್ತೇನೆ, ಬರುವ ಬಜೆಟ್‌ನಲ್ಲಿ ಏನಾದ್ರೂ ಬಂದ್ರೆ ಹೇಳಿ’ ಎಂದು ಹೋದರು.