ಧೂಮವಿಲ್ಲದ ಧೂಮಶಕಟ

ತರ್ಕಶಾಸ್ತ್ರವನ್ನು ಓದತೊಡಗಿದ ಬಾಲಕನಿಗೆ ಗುರುಗಳು ಮೊಟ್ಟಮೊದಲು ಹೇಳಿಕೊಡುವ ಅನುಮಾನವು ಹೊಗೆ-ಬೆಂಕಿಗಳದು. ಗುಡ್ಡದ ಮೇಲೆ ಹೊಗೆ ಕಾಣುತ್ತಿದೆ. ಆದುದರಿಂದ ಅಲ್ಲಿ ಬೆಂಕಿ ಇರಲೇಬೇಕು. ರೈಲುಗಾಡಿಯನ್ನು ಕಂಡ ನಮ್ಮ ಹಿರಿಯ ಪಂಡಿತರು ಅದಕ್ಕೆ 'ಧೂಮಶಕಟ'ವೆಂದು ಹೆಸರಿಟ್ಟರು. ನಮ್ಮ ಸೀಮೆಯ ಒಕ್ಕಲಿಗರು ಅದನ್ನೇ 'ಆಗಗಾಡಿ' ಎಂದು ಕರೆದರು. ಪಂಡಿತನು ಹೊಗೆಯನ್ನು ಹಿಡಿದನು. ಒಕ್ಕಲಿಗನು ಬೆಂಕಿಯನ್ನೇ ಹಿಡಿದನು. ಇಂದು ವಿಜಯಪುರದ ನಿಲ್ದಾಣದಲ್ಲಿ ನಿಂತು ನೋಡಿದರೆ ಹಳಿಗಳ ಮೇಲೆ ವಿದ್ಯುತ್ತಿನ ತಂತಿ ಹರಡಿದೆ. ಹೊಗೆಯೂ ಇಲ್ಲ, ಬೆಂಕಿಯೂ ಇಲ್ಲ. ಹೆಸರುಗಳು ಮಾತ್ರ ಮುದುಕರ ಬಾಯಲ್ಲಿ ಉಳಿದಿವೆ.

ಇನ್ನೊಂದು ಬದಲಾವಣೆಯೂ ಸದ್ದಿಲ್ಲದೆ ನಡೆಯುತ್ತಲಿದೆ. ಇದುವರೆಗೆ ಗಾಡಿಯೆಂದರೆ ಮುಂದೆ ಎಳೆಯುವ ಎಂಜಿನ್ನು, ಹಿಂದೆ ಎಳೆಯಿಸಿಕೊಳ್ಳುವ ಡಬ್ಬಿಗಳು; ಎತ್ತು ಬೇರೆ, ಚಕ್ಕಡಿ ಬೇರೆ. 2019ರಲ್ಲಿ ದಿಲ್ಲಿ-ವಾರಾಣಸಿಗಳ ನಡುವೆ ಓಡತೊಡಗಿದ ವಂದೇ ಭಾರತ್ ಗಾಡಿಗೆ ಪ್ರತ್ಯೇಕವಾದ ಎಂಜಿನ್ನಿಲ್ಲ; ಎಳೆಯುವ ಮೋಟರುಗಳು ಡಬ್ಬಿಗಳ ಕೆಳಗೇ ಅಡಗಿವೆ. 2023ರ ಫೆಬ್ರವರಿಯಲ್ಲಿ ಸೊಲ್ಲಾಪುರಕ್ಕೂ, ಅದೇ ವರ್ಷದ ಜೂನಿನಲ್ಲಿ ಧಾರವಾಡಕ್ಕೂ ಅಂಥ ಗಾಡಿಗಳು ಬಂದವು. ವಿಜಯಪುರದ ಮೇಲೆ ಹಾದುಹೋಗುವ ಗೋಲಗುಂಬಜ್ ಎಕ್ಸ್‌ಪ್ರೆಸ್, ಬಸವ ಎಕ್ಸ್‌ಪ್ರೆಸ್ಸುಗಳಿಗೆ ಮಾತ್ರ ಇನ್ನೂ ಎಂಜಿನ್ನೆಂಬ ಎತ್ತನ್ನು ಹೂಡಬೇಕಾಗುತ್ತದೆ.

ಹೀಗೆ ಎಂಜಿನ್ನು ಎಳೆಯುವ ಗಾಡಿಗಳನ್ನೇ ಆರಿಸಿಕೊಂಡು, ವಾರದ ಕೊನೆಯ ಎರಡು ದಿನಗಳನ್ನು ಅವುಗಳಲ್ಲಿ ಕಳೆಯುವ ಇಬ್ಬರು ತರುಣರು ನಮಗೆ ಪರಿಚಿತರು. ಒಬ್ಬನು ತಿಕೋಟಾದವನು, ಇನ್ನೊಬ್ಬನು ಬಬಲೇಶ್ವರದವನು. ಎರಡೂ ಊರುಗಳು 2018ರಲ್ಲಿ ತಾಲೂಕಿನ ಪದವಿಯನ್ನು ಪಡೆದವು; ಆದರೆ ರೈಲಿನ ಹಳಿಯನ್ನು ಪಡೆದಿಲ್ಲ. ಎಂಜಿನ್ನನ್ನು ನೋಡಬೇಕಾದರೆ ಇವರು ಬಸ್ಸು ಹಿಡಿದು ವಿಜಯಪುರಕ್ಕೆ ಬರಬೇಕು. ಮನೆಯ ಮುಂದೆ ಹೊಳೆಯಿದ್ದವನು ಹೊಳೆಯನ್ನು ನೋಡುವುದಿಲ್ಲವೆಂಬ ಮಾತಿದೆ. ಹಳಿಯಿಲ್ಲದ ಊರಿನಲ್ಲಿ ಹುಟ್ಟಿದವರಿಗೆ ಹಳಿಯ ಮೇಲೆ ಇಷ್ಟು ಪ್ರೀತಿ ಏಕೆಂಬುದು ಇದರಿಂದ ತಿಳಿಯುತ್ತದೆ.

ತಿಕೋಟಾದ ತರುಣನ ತಂದೆಯು ದ್ರಾಕ್ಷಿಯ ಬೆಳೆಗಾರನು, ಮರ್ಯಾದಸ್ಥನು. ಅವನು ಒಂದು ದಿನ ನಮ್ಮ ಬಳಿಗೆ ಬಂದು ತನ್ನ ಸಂಕಟವನ್ನು ತೋಡಿಕೊಂಡನು: "ಗುರುಗಳ, ಇವಗ ನೀವರೆ ಒಂದೀಟು ಬುದ್ಧಿ ಹೇಳ್ರಿ. ಶನಿವಾರ ಬಂತಂದ್ರ ಮನ್ಯಾಗ ನಿಲ್ಲಂಗಿಲ್ಲ. ಯಾ ಊರಿಗೂ ಕೆಲಸ ಅಂತ ಹೋಗೂದಿಲ್ಲ, ಯಾರನ್ನೂ ಕಾಣೂದಿಲ್ಲ. ಸುಮ್ಮ ರೈಲಾಗ ಕುಂತು ಹೋಗತಾನ, ಮತ್ತ ರೈಲಾಗ ಕುಂತು ಬರತಾನ. ಕನ್ಯಾ ಕೊಡವರು ಕೇಳಿದ್ರ ನಾ ಏನಂತ ಹೇಳ್ಲಿ?"

ವಿಷಯವನ್ನು ತಿಳಿಯದೆ ಬುದ್ಧಿ ಹೇಳಬಾರದೆಂಬುದು ಮಾಸ್ತರಿಕೆಯ ಮೊದಲ ನಿಯಮ. ಆದುದರಿಂದ ನಾವೂ ಎರಡು ದಿನ ಆ ತರುಣರೊಡನೆ ಪ್ರಯಾಣ ಮಾಡಲು ನಿಶ್ಚಯಿಸಿದೆವು. ಶನಿವಾರ ಉತ್ತರಕ್ಕೆ ಹೊಟಗಿಯವರೆಗೆ. ರವಿವಾರ ದಕ್ಷಿಣಕ್ಕೆ ಗದಗಿನವರೆಗೆ.

ನಿಲ್ದಾಣಕ್ಕೆ ಬಂದೊಡನೆ ಅವರು ಡಬ್ಬಿಯೊಳಗೆ ಜಾಗ ಹಿಡಿಯಲು ಓಡದೆ, ಎಂಜಿನ್ನಿನ ಕಡೆಗೆ ಓಡಿದರು. ಅದರ ಪಕ್ಕೆಯ ಮೇಲೆ ಜಾತಿ, ಸಂಖ್ಯೆ, ಅದು ಸೇರಿದ ಷೆಡ್ಡಿನ ಹೆಸರು ಬರೆದಿರುತ್ತವೆ. ಮೂರನ್ನೂ ಅವರು ನೋಟುಬುಕ್ಕಿನಲ್ಲಿ ಬರೆದುಕೊಂಡರು. ಆ ಜಾತಿಯ ಅಕ್ಷರಗಳ ಅರ್ಥವನ್ನು ಕೇಳಿದಾಗ ನಮಗೆ ಪಾಣಿನಿಯ ಪ್ರತ್ಯಾಹಾರಗಳು ನೆನಪಾದವು. ವ್ಯಾಕರಣದಲ್ಲಿ 'ಅಚ್' ಎಂದರೆ ಸ್ವರಗಳೆಲ್ಲವೂ ಬಂದಂತೆ, ಇಲ್ಲಿ ಒಂದೊಂದು ಅಕ್ಷರದಲ್ಲಿ ಒಂದೊಂದು ಸಂಗತಿ ಅಡಗಿದೆ. 'ಡಬ್ಲ್ಯೂ' ಎಂದರೆ 1676 ಮಿಲಿಮೀಟರ್ ಅಗಲದ ಬ್ರಾಡ್ ಗೇಜು. 'ವೈ' ಎಂದರೆ 1000 ಮಿಲಿಮೀಟರಿನ ಮೀಟರ್ ಗೇಜು. 'ಡಿ' ಡೀಸೆಲ್ಲಿಗೆ, 'ಎ' ವಿದ್ಯುತ್ತಿಗೆ. 'ಪಿ' ಪ್ರಯಾಣಿಕರ ಗಾಡಿಗೆ, 'ಜಿ' ಸರಕಿನ ಗಾಡಿಗೆ. 'ವೈಪಿ' ಎಂದಿದ್ದರೆ ನಡುವೆ ಡೀಸೆಲ್ಲಿನ ಅಕ್ಷರವೂ ಇಲ್ಲ, ವಿದ್ಯುತ್ತಿನದೂ ಇಲ್ಲ. ಆದುದರಿಂದ ಅದು ಪ್ರಯಾಣಿಕರನ್ನೆಳೆಯುವ ಮೀಟರ್ ಗೇಜಿನ ಉಗಿ ಎಂಜಿನ್ನು. ಇಂಥ ಹೆಸರುಗಳನ್ನು ಬಾಯಿಪಾಠ ಮಾಡಿದವನಿಗೆ ಅಮರಕೋಶವು ಕಷ್ಟವಾಗಲಾರದು!

ಗಾಡಿ ಹೊರಟಿತು. ಗೋಲಗುಂಬಜವು ನಿಲ್ದಾಣದ ನೆರೆಯಲ್ಲಿಯೇ ಇರುವುದರಿಂದ ಬಹಳ ಹೊತ್ತು ಕಿಟಕಿಯಲ್ಲಿ ನಮ್ಮೊಡನೆ ಬರುತ್ತದೆ. ಮುಂದೆ ಮಿಂಚನಾಳ, ನಿಂಬಾಳ, ಇಂಡಿ ರೋಡ್, ಲಚ್ಯಾಣ. ನಿಂಬಾಳದಲ್ಲಿ ನಾವು ಮನಸ್ಸಿನಲ್ಲಿಯೇ ಕೈಮುಗಿದೆವು. ಉಪನಿಷತ್ತುಗಳ ತತ್ತ್ವವನ್ನು ಜಗತ್ತಿಗೆ ತಿಳಿಸಿಕೊಟ್ಟ ಗುರುದೇವ ರಾನಡೆಯವರು ಅಲಾಹಾಬಾದಿನ ವಿಶ್ವವಿದ್ಯಾಲಯದ ಕೆಲಸ ಮುಗಿದ ಮೇಲೆ ಈ ಬಯಲಿನ ಆಶ್ರಮದಲ್ಲಿ ನೆಲೆಸಿ, 1957ರಲ್ಲಿ ಇಲ್ಲಿಯೇ ದೇಹವಿಟ್ಟರು. ಲಚ್ಯಾಣವನ್ನು ದಾಟಿದ ಮೇಲೆ ಭೀಮಾನದಿ. ಸೇತುವೆಯ ಮೇಲೆ ಗಾಡಿಯ ಸದ್ದೇ ಬೇರೆಯಾಗುತ್ತದೆ. ಆಚೆಯ ದಡದಲ್ಲಿ ಮಹಾರಾಷ್ಟ್ರ.

ಹೊಟಗಿಯಲ್ಲಿ ಇಳಿದು ಚಹ ಕುಡಿಯುವಾಗ, "ಈ ಹಾದಿಯನ್ನು ಯಾರು, ಏಕೆ ಹಾಕಿದರು, ಗೊತ್ತೇನಪ್ಪಾ?" ಎಂದು ತಿಕೋಟಾದ ತರುಣನನ್ನು ಕೇಳಿದೆವು. ಅವನು ಹೇಳಿದ್ದನ್ನು ವಾಚಕರು ಗಮನವಿಟ್ಟು ಓದಬೇಕು.

ಬೊಂಬಾಯಿಯಿಂದ ಹೊರಟ ರೈಲುಹಾದಿಯು 1860ರಲ್ಲಿಯೇ ಸೊಲ್ಲಾಪುರವನ್ನು, 1871ರಲ್ಲಿ ರಾಯಚೂರನ್ನು ಮುಟ್ಟಿತ್ತು. ಆದರೆ ಭೀಮೆಯ ದಕ್ಷಿಣದ ನಮ್ಮ ಜಿಲ್ಲೆಯಲ್ಲಿ (ಆಗ ಅದಕ್ಕೆ ಕಲಾದಗಿಯ ಜಿಲ್ಲೆಯೆಂದು ಹೆಸರು) ಒಂದು ಮೊಳ ಹಳಿಯೂ ಇರಲಿಲ್ಲ. ಅಷ್ಟರಲ್ಲಿ ಧಾತು, ಈಶ್ವರ ಸಂವತ್ಸರಗಳ ಘೋರ ಬರವು, ಅಂದರೆ 1876ರಿಂದ 1878ರವರೆಗಿನ ಬರವು, ಬಂದೆರಗಿತು. ಸೊಲ್ಲಾಪುರದವರೆಗೆ ಕಾಳು ರೈಲಿನಲ್ಲಿ ಬರಬಹುದಾಗಿತ್ತು. ಅಲ್ಲಿಂದ ಈಚೆಗೆ ಚಕ್ಕಡಿಯಲ್ಲಿಯೇ ಬರಬೇಕು. ಚಕ್ಕಡಿಯನ್ನು ಎಳೆಯಬೇಕಾದ ಎತ್ತುಗಳಾದರೋ ಮೇವು ನೀರಿಲ್ಲದೆ ಮನುಷ್ಯರಿಗಿಂತ ಮೊದಲೇ ಸಾಯುತ್ತಿದ್ದವು. ಮೂರು-ನಾಲ್ಕು ದಿನಗಳ ಹಾದಿಯಾಚೆ ಕಾಳಿದ್ದರೂ ಜನರು ಉಪವಾಸದಿಂದ ಮಡಿದರು. ಬರದ ವಿಚಾರಣೆ ಮಾಡಿದ ಆಯೋಗವು 1880ರಲ್ಲಿ, ಇಂಥ ಪ್ರದೇಶಗಳಿಗೆ ರೈಲುಹಾದಿ ಬೇಕೇ ಬೇಕೆಂದು ವರದಿ ಮಾಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹುಟ್ಟಿತು; 1884ರಲ್ಲಿ ಹೊಟಗಿ-ಗದಗಗಳ ನಡುವಿನ ಸುಮಾರು 284 ಕಿಲೋಮೀಟರಿನ ಹಾದಿಯ ಮೇಲೆ ಗಾಡಿ ಓಡಿತು. ಮರುವರ್ಷವೇ, 1885ರಲ್ಲಿ, ಜಿಲ್ಲೆಯ ಕಚೇರಿಗಳು ಕಲಾದಗಿಯನ್ನು ಬಿಟ್ಟು ವಿಜಯಪುರಕ್ಕೆ ಬಂದವು.

"ಅಂದ್ರ, ಎತ್ತು ಸತ್ತಿದ್ದಕ್ಕ ಎಂಜಿನ್ ಬಂತ್ರಿ, ಗುರುಗಳ" ಎಂದು ಅವನು ಮಾತು ಮುಗಿಸಿದನು.

ನಾವು ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅವನ ಮಾತಿಗೆ ಒಂದು ತಿದ್ದುಪಡಿಯನ್ನು ಮಾತ್ರ ಹೇಳಬೇಕಾಯಿತು. ರೈಲು ಮಳೆಯನ್ನು ತರಲಾರದು. ದುಡ್ಡಿಲ್ಲದವನ ಉಡಿಗೆ ಕಾಳನ್ನು ಹಾಕಲಾರದು. ಹಾದಿ ಬಂದ ಮೇಲೆಯೂ 1896-97ರಲ್ಲಿ, 1899-1900ರಲ್ಲಿ ಬರಗಳು ಬಂದವು. ಅದೇ ಗಾಡಿಯು ನಮ್ಮ ಹತ್ತಿಯನ್ನು ಬಂದರುಗಳ ಕಡೆಗೆ ಒಯ್ದು ಪರದೇಶದ ಗಿರಣಿಗಳನ್ನೂ ಸಾಕಿತು. ಆದರೂ, ಎತ್ತು ಸಾಯುವ ಕಾಲದಲ್ಲಿ ಸಾಯದ ಎತ್ತೊಂದು ಊರಿಗೆ ಬಂದಿತೆಂಬುದು ಸುಳ್ಳಲ್ಲ.

ರವಿವಾರ ದಕ್ಷಿಣದ ಪ್ರಯಾಣ. ಆಲಮಟ್ಟಿಯ ಬಳಿ ಕೃಷ್ಣೆಯ ಹಿನ್ನೀರು ಕಣ್ಣು ಹರಿಯುವಷ್ಟು ದೂರ ಹಬ್ಬಿತ್ತು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳು ಅಡಿಗಲ್ಲಿಟ್ಟ ಅಣೆಕಟ್ಟು ಅದು. ಸೇತುವೆಯ ಮೇಲೆ ಗಾಡಿ ನಿಧಾನವಾದಾಗ ಹೆಂಗಸರು ಹೊಳೆಗೆ ಕೈಮುಗಿದು ನಾಣ್ಯಗಳನ್ನು ಎಸೆದರು. ಅಲ್ಲಿಯೇ ನಮ್ಮೆದುರಿಗೆ ಕುಳಿತಿದ್ದ ವೃದ್ಧರೊಬ್ಬರು ತರುಣರ ನೋಟುಬುಕ್ಕನ್ನು ಕಂಡು ಮಾತಿಗೆ ಬಂದರು. ಅವರು ಮೀಟರ್ ಗೇಜಿನ ಕಾಲದಲ್ಲಿ ಉಗಿ ಎಂಜಿನ್ನಿನ ಫೈರ್‌ಮನ್ ಆಗಿದ್ದವರಂತೆ.

ಅವರು ಹೇಳಿದರು: ಕಲ್ಲಿದ್ದಲನ್ನು ಒಲೆಯೊಳಗೆ ಗುಡ್ಡೆ ಹಾಕಬಾರದು, ರೊಟ್ಟಿಯ ಹಾಗೆ ತೆಳ್ಳಗೆ ಸಮನಾಗಿ ಹರಡಬೇಕು. ಗುಡ್ಡೆಯಾದರೆ ಗಾಳಿಯಾಡದೆ ಕರಿಹೊಗೆ ಏಳುತ್ತದೆ, ಉಗಿ ಏರುವುದಿಲ್ಲ. ಒಂದು ಕಣ್ಣು ಬೆಂಕಿಯ ಮೇಲೆ, ಇನ್ನೊಂದು ಕಣ್ಣು ಬಾಯ್ಲರಿನ ನೀರನ್ನು ತೋರಿಸುವ ಗಾಜಿನ ನಳಿಗೆಯ ಮೇಲೆ. ಒಲೆಯ ನೆತ್ತಿಗಿಂತ ನೀರು ಕೆಳಗಿಳಿದರೆ ಅಲ್ಲಿ ಕೂಡಿಸಿದ ಸೀಸದ ಬಿರಡೆ ಕರಗಿ, ಉಗಿಯು ಬೆಂಕಿಯ ಮೇಲೆ ನುಗ್ಗುತ್ತದೆ. ಅದು ಎಂಜಿನ್ನನ್ನು ಉಳಿಸುವ ಉಪಾಯ; ಆದರೆ ಫೈರ್‌ಮನ್ನನ ಮಾನ ಉಳಿಯುವುದಿಲ್ಲ! ಬೇಸಿಗೆಯಲ್ಲಿ ಎದುರಿಗೆ ಒಲೆ, ಹೊರಗೆ ವಿಜಯಪುರದ ಬಿಸಿಲು. ಚಳಿಗಾಲದ ರಾತ್ರಿ ಎದೆ ಸುಡುತ್ತಿತ್ತು, ಬೆನ್ನು ಹೆಪ್ಪುಗಟ್ಟುತ್ತಿತ್ತು.

ಬಬಲೇಶ್ವರದ ತರುಣನು ಅಷ್ಟನ್ನೂ ಬರೆದುಕೊಳ್ಳುತ್ತಿರುವುದನ್ನು ಕಂಡು ವೃದ್ಧರ ದನಿ ತಡೆಯಿತು. "ನಮ್ಮ ಮಕ್ಕಳೂ ಇದನ್ನ ಒಂದ ಸಲ ಕೇಳಿಲ್ಲೋ ತಮ್ಮಾ" ಎಂದರು.

ಚಿತ್ತರಂಜನದ ಕಾರ್ಖಾನೆಯು 1972ರಲ್ಲಿ ತನ್ನ ಕೊನೆಯ ಉಗಿ ಎಂಜಿನ್ನನ್ನು ಕಟ್ಟಿತು. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಹಾದಿಯೆಲ್ಲವೂ ಬ್ರಾಡ್ ಗೇಜಿಗೆ ಬದಲಾಯಿತು. ಅದು ಜನರಿಗೆ ಹಿತವೇ ಆಯಿತು. ಎರಡು ಗೇಜುಗಳು ಕೂಡುವಲ್ಲಿ ಮೂಟೆಗಳನ್ನು ಇಳಿಸಿ ಏರಿಸುವ ಕಷ್ಟ ತಪ್ಪಿತು. ಯಂತ್ರಗಳು ಹೋಗುವುದಕ್ಕೆ ನಾವು ಅಳಬೇಕಾಗಿಲ್ಲ. ಆದರೆ ಆ ಯಂತ್ರವನ್ನು ನಡೆಯಿಸಿದ ಕೈಗಳ ವಿದ್ಯೆಯೂ ಅದರೊಡನೆ ಹೇಳಹೆಸರಿಲ್ಲದೆ ಹೋಗುತ್ತದೆ. ಉಗಿಯ ಕಾಲದ ಫೈರ್‌ಮನ್ನರು ಇಂದು ಎಪ್ಪತ್ತನ್ನು ದಾಟಿದವರು. ಅವರನ್ನು ಕೇಳಲು ಇನ್ನು ಹೆಚ್ಚು ವರ್ಷಗಳಿಲ್ಲ.

ಇಂಥ ಹವ್ಯಾಸವು ನಮ್ಮಲ್ಲಿ ಮಾತ್ರ ಇರುವುದೆಂದು ತಿಳಿಯಬಾರದು. ಐರ್ಲೆಂಡಿನಲ್ಲಿ 1845ರಿಂದ ಬಟಾಟೆಯ ಬೆಳೆ ಕೊಳೆತು, ನಮ್ಮ ಧಾತು ಈಶ್ವರಗಳನ್ನು ನೆನಪಿಸುವಂಥ ಕ್ಷಾಮ ಬಂದಿತ್ತು. ಆ ದೇಶದಲ್ಲಿ ಈಗ ಹೆಚ್ಚಿನ ಗಾಡಿಗಳು ಬೇರೆ ಎಂಜಿನ್ನಿಲ್ಲದವು. ಡಬ್ಲಿನ್-ಕಾರ್ಕ್‌ಗಳಂಥ ಕೆಲವು ಹಾದಿಗಳಲ್ಲಿ ಮಾತ್ರ ಎಂಜಿನ್ನು ಎಳೆಯುವ ಗಾಡಿ ಉಳಿದಿದೆ. ಅದನ್ನೇ ಹುಡುಕಿಕೊಂಡು ಶನಿವಾರ ರವಿವಾರಗಳಲ್ಲಿ ಹಸುರು ಬಯಲುಗಳ ನಡುವೆ ತಿರುಗುವವರಿದ್ದಾರೆ. 1964ರಲ್ಲಿ ಅಲ್ಲಿಯ ಹವ್ಯಾಸಿಗಳು ಸಂಘವನ್ನೇ ಕಟ್ಟಿ, ಹಳೆಯ ಉಗಿ ಎಂಜಿನ್ನುಗಳನ್ನು ದುರಸ್ತಿ ಮಾಡಿ ಓಡಿಸುತ್ತ ಬಂದಿದ್ದಾರೆ. ಅವರನ್ನು ಅಲ್ಲಿ ಯಾರೂ ಉಂಡಾಡಿಗಳೆನ್ನುವುದಿಲ್ಲ.

ಮರುವಾರ ತಿಕೋಟಾದ ತಂದೆಗೆ ನಾವು ಹೇಳಿದ್ದಿಷ್ಟು: "ನಿನ್ನ ಮಗನು ಸುಮ್ಮನೆ ಕುಳಿತು ಹೋಗುವುದಿಲ್ಲಪ್ಪ, ಓದುತ್ತ ಹೋಗುತ್ತಾನೆ. ಅವನ ಪುಸ್ತಕ ಹಳಿಯ ಮೇಲಿದೆ, ಅಷ್ಟೇ. ಕನ್ಯೆಯ ಕಡೆಯವರು ಕೇಳಿದರೆ, ಇಸ್ಪೀಟಿಲ್ಲ, ಗುಟಕಾ ಇಲ್ಲ, ರೈಲಿನ ಹುಚ್ಚೊಂದಿದೆ, ಹೆಂಡತಿಯನ್ನೂ ಕರೆದುಕೊಂಡು ಹೋಗುವನು ಎಂದು ಹೇಳು." ಮಗನಿಗೂ ಒಂದು ಮಾತು ಹೇಳದೆ ಬಿಡಲಿಲ್ಲ: ದ್ರಾಕ್ಷಿಯ ಸುಗ್ಗಿಯಲ್ಲಿ ತೋಟವನ್ನು ಬಿಡಬಾರದು, ವರ್ಷಕ್ಕೊಮ್ಮೆಯಾದರೂ ತಂದೆತಾಯಿಗಳನ್ನು ಈ ಗಾಡಿಯಲ್ಲಿ ಕೂಡಿಸಿಕೊಂಡು ಕೃಷ್ಣೆಯನ್ನು ತೋರಿಸಬೇಕು. ಇಬ್ಬರೂ ಒಪ್ಪಿದರು.

ಗೃಹಸ್ಥರಾದ ವಾಚಕರಿಗೆ ನಮ್ಮ ಬಿನ್ನಹವೂ ಇದೇ. ಮನೆಯ ಹುಡುಗನಿಗೋ ಹುಡುಗಿಗೋ ಇಂಥ ಹುಚ್ಚಿದ್ದರೆ ಗದರಿಸಬೇಡಿರಿ. ಒಂದು ನೋಟುಬುಕ್ಕನ್ನು ಕೊಡಿಸಿರಿ. ಸಾಧಾರಣ ದರ್ಜೆಯ ಟಿಕೀಟಿನಲ್ಲಿ ಒಂದು ದಿನ ಬಾದಾಮಿಗೋ ಗದಗಿಗೋ ಹೋಗಿಬನ್ನಿರಿ. ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯವಿದೆ; ಮೈಸೂರಿನಲ್ಲಿ 1979ರಿಂದಲೇ ಒಂದಿದೆ. ಅಲ್ಲಿ ಉಗಿ ಎಂಜಿನ್ನನ್ನು ಮುಟ್ಟಿ ನೋಡಬಹುದು. ಆದರೆ ಅದಕ್ಕಿಂತ ಮೊದಲು ನಿಮ್ಮ ಓಣಿಯಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರು ಯಾರಿದ್ದಾರೆಂದು ವಿಚಾರಿಸಿರಿ. ಮಕ್ಕಳನ್ನು ಅವರ ಬಳಿಗೆ ಕಳುಹಿಸಿರಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ, ಊರು ವರ್ಷಗಳ ಸಹಿತ ಬರೆದಿಡಲು ಹೇಳಿರಿ. ಈ ಕೆಲಸಕ್ಕೆ ಹಣ ಬೇಡ, ಪಾಂಡಿತ್ಯ ಬೇಡ. ಒಂದು ಸಂಜೆಯ ಬಿಡುವು ಸಾಕು.